ಹ್ಯಾಂಬರ್ಗ್ ಬಂದರು ನೋಡಿಕೊಂಡು ಬಂದೆ

ಅಪ್ಪ, ಅಮ್ಮ, ಇಬ್ಬರಿಗೂ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಹ್ಯಾಂಬರ್ಗ್ ಬಗ್ಗೆ ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಪ್ಪ, ಇದನ್ನು ನೀವು ಮೊದಲು ಓದಿ, ಆಮೇಲೆ ಅಮ್ಮನಿಗೆ ಓದಿ ಹೇಳಿ. ಆ ಊರಿನಲ್ಲಿ ಇದ್ದಷ್ಟು ಹೊತ್ತೂ ನೀವೇ ನೆನಪಾಗುತ್ತಿದ್ದಿರಿ.

ಶನಿವಾರ ಬೆಳಿಗ್ಗೆ ಹ್ಯಾನೋವರ್‌ನಲ್ಲಿ ರೈಲು ಹತ್ತಿದೆವು, ನಾನು ಮತ್ತು ಲ್ಯಾಬಿನ ಗೆಳತಿ. ಹ್ಯಾಂಬರ್ಗ್ ಬಂದರು ಅಂದರೆ ಸಮುದ್ರದ ದಡದಲ್ಲಿ ಇರುತ್ತದೆ ಅಂತ ಅಂದುಕೊಳ್ಳುತ್ತೀರಿ, ಅಲ್ವಾ? ಇಲ್ಲ. ಸಮುದ್ರ ಅಲ್ಲಿಂದ ಸುಮಾರು 100 ಕಿಲೋಮೀಟರ್ ದೂರ. ಎಲ್ಬೆ ನದಿಯಲ್ಲೇ ಅಷ್ಟು ದೊಡ್ಡ ಹಡಗುಗಳು ಒಳಗೆ ಬರುತ್ತವೆ. ಸಮುದ್ರದ ಏರಿಳಿತವೂ ನದಿಗುಂಟ ಅಲ್ಲಿಯವರೆಗೆ ಬರುತ್ತದೆ, ದಿನಕ್ಕೆ ಎರಡು ಸಲ ನೀರು ಮೂರು ಮೀಟರಿಗಿಂತ ಜಾಸ್ತಿ ಏರಿ ಇಳಿಯುತ್ತದೆ. ಬೆಳಿಗ್ಗೆ ಕೆಸರು ಕಾಣುತ್ತಿದ್ದ ಕಾಲುವೆಯಲ್ಲಿ ಮಧ್ಯಾಹ್ನ ದೋಣಿ ಓಡಾಡುತ್ತಿತ್ತು.

ಮೊದಲು ಹೋಗಿದ್ದು ಶ್ಪೈಖರ್‌ಶ್ಟಾಟ್‌ಗೆ, ಹಳೇ ಗೋದಾಮುಗಳ ಪೇಟೆ. ಎಲ್ಲಾ ಕೆಂಪು ಇಟ್ಟಿಗೆ, ಸಾಲು ಸಾಲಾಗಿ ಎತ್ತರದ ಕಟ್ಟಡಗಳು, ಒಂದು ಕಡೆ ರಸ್ತೆ, ಇನ್ನೊಂದು ಕಡೆ ನೀರು. ನದಿಯ ಮಣ್ಣು ಮೆತ್ತಗೆ, ಅದಕ್ಕೆ ಮರದ ದಿಮ್ಮಿಗಳನ್ನು ನೆಲಕ್ಕೆ ಹೊಡೆದು ಅದರ ಮೇಲೆ ಇಷ್ಟೆಲ್ಲಾ ಕಟ್ಟಿದ್ದಾರೆ. 1883ರಲ್ಲಿ ಶುರುವಾದ ಕೆಲಸ ಮುಗಿದಿದ್ದು 1927ರಲ್ಲಿ. ಪ್ರತಿ ಗೋದಾಮಿನ ತುದಿಯಲ್ಲಿ, ಸೂರಿನ ಕೆಳಗೆ, ಒಂದು ರಾಟೆ ಇದೆ. ದೋಣಿಯಿಂದ ಕಾಫಿ, ಟೀ, ಮಸಾಲೆ ಮೂಟೆಗಳನ್ನು ಅದರಿಂದಲೇ ಎತ್ತಿ ಬೇಕಾದ ಮಹಡಿಯ ಬಾಗಿಲಿಗೆ ಎಳೆದುಕೊಳ್ಳುತ್ತಿದ್ದರಂತೆ. ಒಂದು ರಾಟೆಯ ಕೊಕ್ಕೆ ಇನ್ನೂ ನೇತಾಡುತ್ತಿತ್ತು, ಕಬ್ಬಿಣ ಸವೆದು ಒಳಮೈ ಹೊಳೆಯುತ್ತಿತ್ತು. ನೀವು ಎಚ್‌ಎಂಟಿಯಲ್ಲಿದ್ದಾಗ ಕ್ರೇನು, ಲೇತು ಅಂತ ಎಷ್ಟು ಹೇಳಿದ್ದೀರಿ, ಇದನ್ನು ನೋಡಿದ್ದರೆ ಅಲ್ಲೇ ನಿಂತುಬಿಡುತ್ತಿದ್ದಿರಿ. ಒಂದು ಓಣಿಯಲ್ಲಿ ಕಾಫಿ ಹುರಿಯುವ ಅಂಗಡಿ ಇದೆ, ಹತ್ತಿರದಲ್ಲೇ ಮಸಾಲೆ ಮ್ಯೂಸಿಯಂ. ಕಣ್ಣು ಮುಚ್ಚಿಕೊಂಡರೆ ತರಗುಪೇಟೆಯಲ್ಲಿ ನಿಂತ ಹಾಗೇ ಇತ್ತು. ನಮ್ಮ ಕಾಫಿಯನ್ನು ಜಾಸ್ತಿ ಕೊಳ್ಳುವ ದೇಶಗಳಲ್ಲಿ ಜರ್ಮನಿಯೂ ಒಂದು. ಕೊಡಗು, ಚಿಕ್ಕಮಗಳೂರಿನ ಬೀಜ ಎಷ್ಟು ದೂರ ಬರುತ್ತದೆ ನೋಡಿ.

ಒಂದು ವಿಷಯ ಮಾತ್ರ ಬೇಜಾರಾಯಿತು. ಈ ಗೋದಾಮು ಕಟ್ಟುವ ಮುಂಚೆ ಅಲ್ಲಿ ಮನೆಗಳಿದ್ದವು. ಸುಮಾರು 20,000 ಜನರನ್ನು ಎಬ್ಬಿಸಿ ಬೇರೆ ಕಡೆ ಕಳಿಸಿ ಮನೆ ಕೆಡವಿದರು. 2015ರಲ್ಲಿ ಯುನೆಸ್ಕೋ ಈ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಫೋಟೋ ತೆಗೆಯುವಾಗ ಆ ಮನೆಗಳವರದ್ದೂ ಯೋಚನೆ ಬರಬೇಕು ಅಂತ ನನಗೆ ಅನ್ನಿಸಿತು.

ಈಗ ಸುರಂಗದ ವಿಷಯ. ಅಪ್ಪ, ಇದು ನಿಮಗಾಗಿಯೇ. ನದಿಯ ಆಚೆ ದಡದಲ್ಲಿ ಹಡಗು ಕಟ್ಟುವ ಕಾರ್ಖಾನೆಗಳಿದ್ದವು, ಕೆಲಸಗಾರರು ದಿನಾ ದಾಟಬೇಕಿತ್ತು. ಅವರಿಗೋಸ್ಕರ ಎಲ್ಬೆಯ ಅಡಿಯಲ್ಲಿ ಸುರಂಗ ಕೊರೆದು 1911ರಲ್ಲಿ ತೆರೆದರು. ಉದ್ದ 426 ಮೀಟರ್, ಆಳ ಸುಮಾರು 24 ಮೀಟರ್. ನೀರು ಒಳಗೆ ನುಗ್ಗಬಾರದು ಅಂತ ಒಳಗೆ ಗಾಳಿಯ ಒತ್ತಡ ಏರಿಸಿ ಅಗೆದರು. ಆ ಒತ್ತಡದಿಂದ ಈಚೆ ಬಂದಾಗ ಎಷ್ಟೋ ಕೆಲಸಗಾರರಿಗೆ ಕಾಯಿಲೆಯಾಯಿತು, ಕೆಲವರು ಸತ್ತೂ ಹೋದರು. ಗುಮ್ಮಟದ ಕಟ್ಟಡದೊಳಗೆ ಹೋದರೆ ದೊಡ್ಡ ಬಾವಿಯಂಥ ಗುಂಡಿ, ಅದರಲ್ಲಿ ಲಿಫ್ಟುಗಳು. ಮೊದಲು ಕುದುರೆಗಾಡಿ, ಆಮೇಲೆ ಕಾರುಗಳೂ ಈ ಲಿಫ್ಟಿನಲ್ಲೇ ಇಳಿಯುತ್ತಿದ್ದವು! ಒಳಗೆ ಗೋಡೆಗೆಲ್ಲಾ ತಿಳಿ ಬಣ್ಣದ ಟೈಲ್ಸ್, ಮಧ್ಯೆ ಮಧ್ಯೆ ಮಣ್ಣಿನ ಉಬ್ಬು ಚಿತ್ರಗಳು: ಮೀನು, ಏಡಿ, ಒಂದು ಕಡೆ ಹಳೇ ಬೂಟಿನ ಸುತ್ತ ಇಲಿಗಳು. ಕೂಲಿಯವರು ಓಡಾಡುವ ದಾರಿಗೆ ಇಷ್ಟು ಚೆಂದ ಮಾಡಿದ್ದಾರಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ನಡೆದು ಹೋಗುವವರಿಗೆ ಇವತ್ತಿಗೂ ಟಿಕೆಟ್ ಇಲ್ಲ. ಆಚೆ ದಡದಿಂದ ಇಡೀ ಊರು ಒಂದೇ ನೋಟಕ್ಕೆ ಸಿಗುತ್ತದೆ. ಅಮ್ಮ, ಲಿಫ್ಟ್ ಇರುವುದರಿಂದ ನಿನ್ನ ಮಂಡಿಗೂ ತೊಂದರೆಯಿಲ್ಲ.

ಸಂಜೆ ಆಲ್ಸ್ಟರ್ ಕೆರೆಯ ಹತ್ತಿರ ಹೋಗಿದ್ದೆವು. ಅಲ್ಲಿ ಅಟ್ಲಾಂಟಿಕ್ ಅಂತ ಒಂದು ದೊಡ್ಡ ಬಿಳೀ ಹೋಟೆಲ್ ಇದೆ. 1942ರ ಸೆಪ್ಟೆಂಬರ್ 11ರಂದು ನೇತಾಜಿ ಇದ್ದ ಸಭೆಯಲ್ಲಿ ಜನ ಗಣ ಮನವನ್ನು ರಾಷ್ಟ್ರಗೀತೆ ಅಂತ ಮೊದಲ ಸಲ ನುಡಿಸಿದ್ದು ಅಲ್ಲೇ. ನಾವು ಅದನ್ನು ಅಧಿಕೃತವಾಗಿ ಒಪ್ಪಿಕೊಂಡಿದ್ದು 1950ರಲ್ಲಿ, ಅದಕ್ಕೂ ಎಷ್ಟೋ ವರ್ಷ ಮುಂಚೆ! ಒಳಗೆ ಹೋಗಲಿಲ್ಲ, ರಸ್ತೆಯ ಈಚೆ ನಿಂತು ನೋಡಿದೆ. ಮೈ ಜುಮ್ಮೆಂದಿತು. ಗೆಳತಿಗೆ ನೇತಾಜಿ ಯಾರು ಅಂತ ಹೇಳಿದೆ, ಅವಳು ಸುಮ್ನೆ ಕೇಳುತ್ತಾ ನಿಂತಿದ್ದಳು.

ಭಾನುವಾರ ಬೆಳಗಿನ ಜಾವ ಮೀನು ಮಾರ್ಕೆಟ್. 1703ರಿಂದ ನಡೆಯುತ್ತಿದೆ, ಒಂಬತ್ತೂವರೆಗೆ ಮುಗಿದೇ ಹೋಗುತ್ತದೆ. ಮೀನಿನ ವಾಸನೆ ಅಮ್ಮನಿಗೆ ಆಗುವುದಿಲ್ಲ, ಆದರೆ ಹಣ್ಣು, ಹೂವಿನ ಗಿಡ ಎಲ್ಲಾ ಇದೆ, ಗಾಡಿಯ ಮೇಲೆ ನಿಂತು ಕೂಗಿ ಕೂಗಿ ಮಾರುತ್ತಾರೆ. ಆಮೇಲೆ 62ನೇ ನಂಬರ್ ದೋಣಿ ಹತ್ತಿದೆವು. ರೈಲಿನ ತಿಂಗಳ ಪಾಸೇ ಅದಕ್ಕೂ ನಡೆಯುತ್ತದೆ. ಪಕ್ಕದಲ್ಲೇ ಕಂಟೇನರ್ ಹಡಗೊಂದು ಹಾದುಹೋಯಿತು, ಮುಗಿಯುವುದೇ ಇಲ್ಲ ಅನ್ನುವಷ್ಟು ಉದ್ದ. ಇದೇ ನೀರು 1962ರ ಫೆಬ್ರವರಿಯ ಒಂದು ರಾತ್ರಿ ಊರಿಗೆ ನುಗ್ಗಿ 315 ಜನ ಸತ್ತಿದ್ದರು.

ಚಳಿ ಮುಗಿದ ಮೇಲೆ, ಮೇ ತಿಂಗಳಲ್ಲಿ ನೀವಿಬ್ಬರೂ ಬನ್ನಿ. ಅಪ್ಪ, ನಿಮ್ಮ ಪಾಸ್‌ಪೋರ್ಟ್ ಅವಧಿ ಈ ವಾರವೇ ನೋಡಿ ಹೇಳಿ. ವೀಸಾಕ್ಕೆ ಇಲ್ಲಿಂದ ಬೇಕಾದ ಪತ್ರ ನಾನು ಮಾಡಿಸಿ ಕಳಿಸುತ್ತೇನೆ. ಬರುವಾಗ ಗಾಂಧಿ ಬಜಾರಿನಿಂದ ಕಾಫಿಪುಡಿ ತನ್ನಿ, ಚಿಕೋರಿ ಕಮ್ಮಿ ಇರಲಿ.

ಇಂತಿ,
ನಿಮ್ಮ ಮಗಳು