ಶೇಕಡಾ ಲೆಕ್ಕ ಬಿಟ್ಟು ಆಡಿಯೋಗ್ರಾಂ ನೋಡು

ಮೈಸೂರು

ಚಿ. ಸೌ. ಶುಭಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ಕಳುಹಿಸಿದ ಮಗುವಿನ ಆಡಿಯೋಗ್ರಾಂ, ಅಂದರೆ ಶ್ರವಣ ಪರೀಕ್ಷೆಯ ನಕ್ಷೆ, ನೋಡಿದೆ. ಎರಡೂ ಕಿವಿಗೆ ಸರಾಸರಿ 50 ಡೆಸಿಬಲ್ ಎಂದಿರುವುದನ್ನು ಓದಿ ಮನೆಯವರು ‘ಅರ್ಧ ಕಿವಿ ಹೋಗಿದೆ’ ಎಂದು ಲೆಕ್ಕ ಹಾಕಿರುವುದು ಸರಿಯಲ್ಲ. ಡೆಸಿಬಲ್ ಶೇಕಡಾವಾರು ಅಲ್ಲ; ಪ್ರತಿ 10 ಡೆಸಿಬಲ್‌ಗೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. ಸೊನ್ನೆ ಡೆಸಿಬಲ್ಲಿಗೇ ಕೇಳಿಸಿಕೊಳ್ಳುವ ಕಿವಿಗೆ ಸಾಲುವ ಸಣ್ಣ ದನಿ ನಮ್ಮ ಮಗುವನ್ನು ಮುಟ್ಟಬೇಕಾದರೆ ಅದು ಒಂದು ಲಕ್ಷ ಪಟ್ಟು ತೀವ್ರವಾಗಿರಬೇಕು.

ಬಹಳ ಕಾಲದಿಂದ ಬಳಕೆಯಲ್ಲಿರುವ ವರ್ಗೀಕರಣದಲ್ಲಿ 26ರಿಂದ 40 ಡೆಸಿಬಲ್ ಅಲ್ಪ ದೋಷ, 41ರಿಂದ 55 ಮಧ್ಯಮ, 70ರವರೆಗೆ ಮಧ್ಯಮಕ್ಕಿಂತ ಹೆಚ್ಚು, 90ರವರೆಗೆ ತೀವ್ರ, ಅದರಾಚೆ ಅತಿ ತೀವ್ರ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಈ ಗಡಿಗಳನ್ನು ಕೆಳಗಿಳಿಸಿರುವುದರಿಂದ, ಇದೇ 50 ಅಲ್ಲಿ ಮಧ್ಯಮಕ್ಕಿಂತ ಹೆಚ್ಚಿನ ದೋಷವೆನಿಸುತ್ತದೆ. ಇನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ 60 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ನಷ್ಟವಿದ್ದವರನ್ನು ಮಾತ್ರ ಶ್ರವಣದೋಷವುಳ್ಳವರೆಂದು ಹೇಳುತ್ತದೆ. ಕಾಯ್ದೆಯ ಲೆಕ್ಕಕ್ಕೆ ಸಿಗಲಿಲ್ಲವೆಂದು ತೊಂದರೆಯೇ ಇಲ್ಲವೆಂದು ಸುಮ್ಮನಾಗಬೇಡ.

ಸರಾಸರಿಗಿಂತಲೂ ಗೆರೆಯ ಓಟ ಮುಖ್ಯ. ಎಡಗಡೆ, 250 ಹರ್ಟ್ಜ್‌ನ ಕೆಳಸ್ಥಾಯಿಯ ದನಿಗೆ, ಗೆರೆ 35 ಡೆಸಿಬಲ್‌ನಲ್ಲಿದೆ. ಮೇಲುಸ್ಥಾಯಿಯ 4000ಕ್ಕೆ ಬರುವಾಗ 70ಕ್ಕೆ ಇಳಿದಿದೆ; ಗೆರೆ ಕೆಳಗಿಳಿದಷ್ಟೂ ನಷ್ಟ ಹೆಚ್ಚು. ಅ, ಒಗಳಂಥ ಸ್ವರಾಕ್ಷರಗಳ ಬಲವೆಲ್ಲ ಹೆಚ್ಚಾಗಿ ಕೆಳಸ್ಥಾಯಿಯಲ್ಲಿರುತ್ತದೆ. ಸ, ಶಗಳಂಥ ಅಕ್ಷರಗಳು ಮೇಲುಸ್ಥಾಯಿಯವು, ದನಿಯಲ್ಲೂ ಕ್ಷೀಣ. ಆದ್ದರಿಂದಲೇ ಅಡುಗೆಮನೆಯಿಂದ ಹೆಸರು ಕೂಗಿದರೆ ಮಗು ತಿರುಗುತ್ತಾನೆ, ‘ಸೊಪ್ಪು’ ಎಂದರೆ ಮಾತ್ರ ‘ಒಪ್ಪು’ ಎಂದು ಕೇಳಿಸಿಕೊಳ್ಳುತ್ತಾನೆ. ‘ಕರೆದರೆ ಓಗೊಡುತ್ತಾನಲ್ಲ, ಕಿವಿ ಚೆನ್ನಾಗಿದೆ’ ಎಂಬ ನಿಮ್ಮ ಅತ್ತೆಯವರ ಮಾತಿನಲ್ಲಿ ಮೊದಲರ್ಧ ನಿಜ. ಅವರೊಡನೆ ವಾದಕ್ಕಿಳಿಯದೆ, ಬಾಯಿ ಮರೆಮಾಡಿ ಮೆಲುದನಿಯಲ್ಲಿ ನಾಲ್ಕು ಪದ ಹೇಳಿ ತೋರಿಸು.

ಮೂಳೆಯ ಮೂಲಕ ದನಿಯನ್ನು ನೇರ ಒಳಗಿವಿಗೆ ಮುಟ್ಟಿಸಿ ಮಾಡಿದ ಪರೀಕ್ಷೆಯ ಗುರುತುಗಳೂ ಗಾಳಿಯ ಮೂಲಕ ಮಾಡಿದ ಗುರುತುಗಳ ಜೊತೆಗೇ ಇವೆ. ನಡುವೆ ಅಂತರವಿದ್ದಿದ್ದರೆ ಗುಗ್ಗೆ, ಕಿವಿಪರದೆಯ ಹಿಂದೆ ನಿಂತ ನೀರು ಮುಂತಾದ, ಚಿಕಿತ್ಸೆಗೆ ಬಗ್ಗುವ ಕಾರಣಗಳನ್ನು ಹುಡುಕಬಹುದಿತ್ತು. ಇಲ್ಲಿ ದೋಷ ಒಳಗಿವಿಯದು. ಬೆಳ್ಳುಳ್ಳಿ ಎಣ್ಣೆ ಹಾಕಿ ದಿನ ಕಳೆಯಬೇಡ, ಕಿವಿಗೆ ಎಣ್ಣೆ ಬಿಡುವುದೇ ಬೇಡ.

ಎರಡೂ ಕಿವಿಗೆ ಶ್ರವಣಸಾಧನ ಹಾಕಿಸಿ, ಜೊತೆಗೆ ಮಾತಿನ ತರಬೇತಿ ಕೊಡಿಸುವುದು ಈಗಿನ ಕೆಲಸ. ಕಿವಿ ಬೆಳೆದಂತೆ, ಸಾಧನವನ್ನು ಕಿವಿಯಲ್ಲಿ ಕೂರಿಸುವ ಅಚ್ಚನ್ನು ಮತ್ತೆ ಮತ್ತೆ ತೆಗೆಸಬೇಕಾಗುತ್ತದೆ; ಸಡಿಲವಾದರೆ ಅದು ಕೀರಲು ಶುರುಮಾಡುತ್ತದೆ, ಮಗು ಕಿತ್ತೆಸೆಯುತ್ತಾನೆ. ಶಾಲೆಯಲ್ಲಿ ಮುಂದಿನ ಬೆಂಚು ಕೇಳಿ ಪಡೆ, ಏಕೆಂದರೆ ದೂರ ಇಮ್ಮಡಿಯಾದರೆ ಮಾತಿನ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ; ಮೇಲೆ ಫ್ಯಾನಿನ ಸದ್ದು ಬೇರೆ.

1965ರಲ್ಲಿ ಆರಂಭವಾಗಿ ಈಗ ಇಲ್ಲಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ನಾನೇ ಕರೆದೊಯ್ಯುತ್ತೇನೆ. ಬರುವಾಗ ಹಳೆಯ ವರದಿಗಳನ್ನೆಲ್ಲ ತಾ; ಗೆರೆ ನಿಂತಲ್ಲೇ ನಿಂತಿದೆಯೇ, ಇಳಿಯುತ್ತಿದೆಯೇ ಎಂಬುದು ಅವುಗಳನ್ನು ಜೋಡಿಸಿ ನೋಡಿದರಷ್ಟೇ ಗೊತ್ತಾಗುವುದು.

ಇಂತಿ,
ನಿನ್ನ ದೊಡ್ಡಪ್ಪ