ಪಾನಾ ಕೊಳ್ಳುವ ಮೊದಲು: ಸಿಂಧನೂರಿನ ಗೆಳೆಯನಿಗೊಂದು ಪತ್ರ

ಬಳ್ಳಾರಿ

ದೋಸ್ತ ಶರಣು,

ನೀನು ಕಳಿಸಿದ ಫೋಟೋ ನೋಡಿದೆ. ನಿನ್ನ ರಿಪೇರಿ ಅಂಗಡಿಗೆ ಅಂತ 108 ಪೀಸಿನ ಆ ಪಾನಾ (ಸ್ಪ್ಯಾನರ್) ಪೆಟ್ಟಿಗೆ ತಗೋಬೇಡ. ಮುಚ್ಚಳ ತೆಗೆದರೆ ಜಗಮಗ ಹೊಳೀತದೆ, ಒಪ್ಪಿದೆ. ಆದರೆ ಎಣಿಸಿ ನೋಡು, ಅರ್ಧಕ್ಕರ್ಧ ಸ್ಕ್ರೂ ತಿರುಗಿಸುವ ಬೆರಳುದ್ದದ ಬಿಟ್‌ಗಳೇ. ನಿನಗೆ ದಿನಾ ಬೇಕಾಗುವ 10, 12, 14, 17 ಎಂಎಂ ಅಳತೆಯವು ಮಾತ್ರ ಒಂದೊಂದೇ. ಅವುಗಳಲ್ಲೊಂದು ಕಳೆದರೆ ಆ ಪೆಟ್ಟಿಗೆಯ ಗುಣಿಗೆ ಕೂರುವಂಥದ್ದು ಬಿಡಿಯಾಗಿ ಸಿಗುವುದಿಲ್ಲ, ಉಳಿದದ್ದು ಮೂಲೆ ಸೇರುತ್ತದೆ. ಅದೇ ದುಡ್ಡಿಗೆ ಬಿಡಿಬಿಡಿಯಾಗಿ ಒಳ್ಳೆಯದನ್ನೇ ತಗೋ. ಹೆಚ್ಚು ದುಡಿಯುವ ಅಳತೆಗಳನ್ನು ಎರಡೆರಡು ತಗೋ. ಉಳಿದದ್ದು ಕೆಲಸ ಬಂದಾಗ ಬರಲಿ.

ನಿನ್ನ ಅಂಗಡಿಗೆ ಬರುವುದು ಎರಡು ಥರದ ಗಾಡಿ. ಸ್ಪ್ಲೆಂಡರ್, ಶೈನ್, ಆಕ್ಟಿವಾ ಒಂದು ಕಡೆ, ಗದ್ದೆಯಿಂದ ಕೆಸರು ಮೆತ್ತಿಕೊಂಡು ಬರುವ ಟ್ರ್ಯಾಕ್ಟರ್ ಇನ್ನೊಂದು ಕಡೆ. ಇವೆರಡಕ್ಕೂ ಒಂದೇ ಸೆಟ್ ಸಾಕು ಅಂದುಕೊಂಡರೆ ಅಲ್ಲೇ ಕೆಟ್ಟೆ.

ಬೈಕಿನದು ಮೊದಲು ಹೇಳಿಬಿಡುತ್ತೇನೆ. 6 ಎಂಎಂ ದಪ್ಪದ ಬೋಲ್ಟಿನ ತಲೆ 8 ಅಥವಾ 10ರ ಪಾನಾಕ್ಕೆ ಬರುತ್ತದೆ, 8 ಎಂಎಂ ಬೋಲ್ಟಿನದು 12ಕ್ಕೆ, 10 ಎಂಎಂ ಬೋಲ್ಟಿನದು 14ಕ್ಕೆ. ಇದು ಜಪಾನಿ ಪದ್ಧತಿ. ಕಾರು, ಲಾರಿ, ಪೇಟೆಯ ಸಾದಾ ಬೋಲ್ಟಿನಲ್ಲಿ ಅದೇ 8 ಎಂಎಂಗೆ 13, 10 ಎಂಎಂಗೆ 16 ಇಲ್ಲವೇ 17 ಬೇಕಾಗುತ್ತದೆ. ಹಿಂದೆ ಯಾರೋ ಕಂಪನಿ ಬೋಲ್ಟ್ ಕಳೆದು ಹಾರ್ಡ್‌ವೇರ್ ಅಂಗಡಿಯದು ಹಾಕಿದ್ದರೆ 13 ಬೇಕೇ ಬೇಕು. ಹಾಗಾಗಿ ಬೈಕಿಗೆ 8, 10, 12, 13, 14, 17, 19 ರಿಂಗ್-ಓಪನ್ ಪಾನಾ (ಒಂದು ತುದಿ ಬಳೆ, ಇನ್ನೊಂದು ತೆರೆದ ಬಾಯಿ), 8, 10, 12ರ ಟಿ ಪಾನಾ, 16ರ ಪ್ಲಗ್ ಪಾನಾ, 4, 5, 6, 8ರ ಆಲನ್ ಕೀ (ಆರು ಮೂಲೆಯ ಬಗ್ಗಿದ ಸರಳು). ಇಷ್ಟಿದ್ದರೆ ಸ್ಪ್ಲೆಂಡರಿನ ಮುಕ್ಕಾಲು ಕೆಲಸ ಮುಗಿಯುತ್ತದೆ.

ಟ್ರ್ಯಾಕ್ಟರಿನ ಗೋಳು ಬೇರೆ. ಮ್ಯಾಸಿ ಫರ್ಗ್ಯೂಸನ್ ಬಂತೆಂದರೆ ಬಹುತೇಕ ಇಂಚಿನ ಬೋಲ್ಟ್. ಅರ್ಧ ಇಂಚು ಅಂದರೆ 12.7 ಎಂಎಂ, 13 ಹಾಕಿದರೆ ಅಲ್ಲಾಡುತ್ತದೆ. 9/16 ಅಂದರೆ 14.29, 14 ಒಳಗೇ ಹೋಗುವುದಿಲ್ಲ, 15 ಹಾಕಿದರೆ ಬೋಲ್ಟಿನ ಮೂಲೆ ಸವೆದು ತಲೆ ಗುಂಡಗಾಗುತ್ತದೆ. 3/4ಕ್ಕೆ 19 ಸರಿಯಾಗಿಯೇ ಕೂರುತ್ತದೆ (19.05), 5/8ಕ್ಕೆ 16 ನಡೆಯುತ್ತದೆ, 15/16ಕ್ಕೆ 24 ನಡೆಯುತ್ತದೆ. ನಡೆಯದೇ ಇರುವವು 1/2, 9/16, 11/16. ಈ ಮೂರನ್ನು ಇಂಚಿನಲ್ಲೇ ತಗೋ, ಪೂರಾ ಇಂಚಿನ ಸೆಟ್‌ಗೆ ದುಡ್ಡು ಸುರಿಯುವ ಜರೂರಿಲ್ಲ. ಅವುಗಳ ಹಿಡಿಗೆ ಕೆಂಪು ಬಣ್ಣ ಬಳಿದುಬಿಡು, ಅವಸರದಲ್ಲಿ ಹುಡುಗರು 14ರ ಜತೆ ಕಲೆಸುತ್ತಾರೆ.

ಕೊಳ್ಳಲು ಹೈದರಾಬಾದಿನ ರಾಣಿಗಂಜಿಗೋ ಬೆಂಗಳೂರಿನ ಎಸ್‌ಜೆಪಿ ರಸ್ತೆಗೋ ಹೋದರೆ ಆಯ್ಕೆ ಹೆಚ್ಚು. ಟಪಾರಿಯಾ, ಝಲಾನಿ, ಎವರೆಸ್ಟ್, ಗ್ರೋಜ್ ಯಾವ ಕಂಪನಿಯದಾದರೂ ಆಗಲಿ, ಪಕ್ಕಾ ಬಿಲ್ ತಗೋ. ಪಾನಾದ ಮೇಲೆ ‘ಕ್ರೋಮ್ ವನೇಡಿಯಮ್’ (ಗಟ್ಟಿ ಉಕ್ಕಿನ ಹೆಸರು) ಅಂತ ಅಚ್ಚಿದ್ದ ಮಾತ್ರಕ್ಕೆ ನಂಬಬೇಡ, ಅಚ್ಚು ಯಾರು ಬೇಕಾದರೂ ಹಾಕುತ್ತಾರೆ. ಹೋಗುವಾಗ ಜೇಬಿನಲ್ಲಿ ಹೊಸ 6, 8, 10 ಎಂಎಂ ಬೋಲ್ಟ್ ಒಂದೊಂದು ಇಟ್ಟುಕೋ. ಅಂಗಡಿಯಲ್ಲೇ ಪಾನಾಕ್ಕೆ ಹಾಕಿ ಅಲ್ಲಾಡಿಸು. ಓಪನ್ ಬಾಯಿಯ ಎರಡೂ ದವಡೆ ಬೋಲ್ಟಿನ ಪಟ್ಟಿಗೆ (ತಲೆಯ ಚಪ್ಪಟೆ ಬದಿಗೆ) ಉದ್ದಕ್ಕೂ ಕೂತಿರಬೇಕು, ಬೆಳಕಿಗೆ ಹಿಡಿದರೆ ತುದಿಯಲ್ಲಿ ಮಾತ್ರ ಕಿಂಡಿ ಕಾಣಬಾರದು. ರಿಂಗಿನ ಒಳಮೂಲೆಗಳು ಚೊಕ್ಕವಾಗಿರಬೇಕು, ಅಲ್ಲಿ ಕ್ರೋಮ್ ಗಂಟುಗಟ್ಟಿದ್ದರೆ ಅದು ಎದ್ದು ಬಂದು ಬೆರಳು ಸೀಳುತ್ತದೆ. ರಿಂಗಿನ ಗೋಡೆ ತೆಳುವಿದ್ದಷ್ಟೂ ಇಕ್ಕಟ್ಟಿನ ಜಾಗಕ್ಕೆ ಹೋಗುತ್ತದೆ. ದಪ್ಪ ಗೋಡೆಯ ಪಾನಾ ಗಟ್ಟಿ ಅನ್ನುವುದು ಅಂಗಡಿಯವರ ಮಾತು.

ಸಾಕೆಟ್ (ಬೋಲ್ಟಿನ ತಲೆಯ ಮೇಲೆ ಕೂರುವ ಬಟ್ಟಲು) ಆರು ಮೂಲೆಯದ್ದೇ ತಗೋ. ಹನ್ನೆರಡು ಮೂಲೆಯದು ಬೇಗ ಕೂರುತ್ತದೆ ನಿಜ, ಆದರೆ ಹಿಡಿಯುವುದು ಬೋಲ್ಟಿನ ಮೂಲೆಯನ್ನು. ತುಕ್ಕು ತಿಂದ ತಲೆಯ ಮೇಲೆ ಅದು ಜಾರಿತೆಂದರೆ ಆಮೇಲೆ ಚಾಣ ಇಟ್ಟು ಹೊಡೆಯುವುದೇ ದಾರಿ. ಬೈಕಿಗೆ 3/8 ಡ್ರೈವ್ (ಸಾಕೆಟ್ಟಿಗೆ ಹಿಡಿ ಸಿಕ್ಕಿಸುವ ಚೌಕದ ಅಳತೆ, ಇಂಚಿನಲ್ಲಿ), ಟ್ರ್ಯಾಕ್ಟರಿಗೆ 1/2, ಚಕ್ರದ ನಟ್ಟಿಗೆ 3/4. ಅರ್ಧ ಇಂಚು ಡ್ರೈವಿನ ಉದ್ದನೆಯ ರ್‍ಯಾಚೆಟ್ (ಒಂದೇ ದಿಕ್ಕಿಗೆ ಕಚ್ಚುವ ಹಲ್ಲಿನ ಹಿಡಿ) ಹಿಡಿದು 10ರ ತಲೆ ಬಿಗಿ ಮಾಡಲು ಹೋದರೆ 6 ಎಂಎಂ ಬೋಲ್ಟ್ ಬೆಣ್ಣೆಯಂತೆ ಮುರಿಯುತ್ತದೆ. ರ್‍ಯಾಚೆಟ್ 72 ಹಲ್ಲಿನದಾದರೆ 5 ಡಿಗ್ರಿಗೆ ಹಿಡಿಯುತ್ತದೆ, 24 ಹಲ್ಲಿನದಕ್ಕೆ 15 ಡಿಗ್ರಿ ಬೇಕು. ಇಕ್ಕಟ್ಟಿನಲ್ಲಿ ಕೈ ಹಾಕಿದಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. ಗಟ್ಟಿ ಕೂತ ನಟ್ ಬಿಡಿಸಲು ಮಾತ್ರ ರ್‍ಯಾಚೆಟ್ ಬೇಡ, ಹಲ್ಲು ಹಾರುತ್ತದೆ. ಅದಕ್ಕೆ ಬ್ರೇಕರ್ ಬಾರ್ (ಹಲ್ಲಿಲ್ಲದ ಉದ್ದನೆಯ ಗಟ್ಟಿ ಹಿಡಿ). ಮುಂದೆ ಗಾಳಿಯ ಗನ್ ತಂದರೆ ಅದಕ್ಕೆ ಹೊಳೆಯುವ ಸಾಕೆಟ್ ಹಾಕಲೇಬೇಡ, ಒಡೆದರೆ ಚೂರು ಕಣ್ಣಿಗೇ ಬರುತ್ತದೆ. ಗನ್ನಿಗೆ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ ಅಂತಲೇ ಬೇರೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಾಡಿ ಹಾಳಾಗುವುದು ಸ್ಕ್ರೂ ಡ್ರೈವರಿನಿಂದ. ಹೋಂಡಾ, ಯಮಹಾ, ಸುಜುಕಿ ವಂಶದ ಬೈಕುಗಳಲ್ಲಿ ಪ್ಲಸ್ ತಲೆಯ ಸ್ಕ್ರೂ ಜಪಾನಿ ಅಳತೆಯದು, ಕೆಲವದರ ತಲೆಯ ಮೇಲೆ ಸಣ್ಣ ಚುಕ್ಕಿ ಇರುತ್ತದೆ. ನಮ್ಮಲ್ಲಿ ಸಿಗುವ ಫಿಲಿಪ್ಸ್ ಮಾದರಿಯ ಪ್ಲಸ್ ಡ್ರೈವರ್ ಅದರ ತಳ ಮುಟ್ಟುವುದಿಲ್ಲ, ತಿರುಗಿಸಿದರೆ ಮೇಲಕ್ಕೆ ಎದ್ದು ಬರುತ್ತದೆ, ತಲೆ ಕೊರೆದುಬಿಡುತ್ತದೆ. ಜೆಐಎಸ್ (ಜಪಾನಿ ಅಳತೆಯ ಹೆಸರು) ಅಂತ ಕೇಳಿ 2 ಮತ್ತು 3ನೇ ನಂಬರಿನ ಬಿಟ್ ತರಿಸಿಕೋ. 6 ಎಂಎಂ ಸ್ಕ್ರೂಗೆ 3, ಅದಕ್ಕಿಂತ ಸಣ್ಣದಕ್ಕೆ 2. ಎಂಜಿನ್ ಕವರಿನ ಸ್ಕ್ರೂ ವರ್ಷಗಟ್ಟಲೆ ಬಿಸಿಗೆ ಅಂಟಿ ಕೂತಿರುತ್ತದೆ, ಅದಕ್ಕೆ ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬೇಕೇ ಬೇಕು. ಮೊದಲು ಮೊಳೆಯ ತುದಿಯಿಂದ ತಲೆಯೊಳಗಿನ ಮಣ್ಣು ಕೆರೆದು ತೆಗೆ. ಬಿಟ್ ತಳ ಮುಟ್ಟಿದೆಯೋ ನೋಡು. ಬಿಚ್ಚುವ ದಿಕ್ಕಿಗೆ ಹಿಡಿಯನ್ನು ಕೈಯಿಂದ ತಿರುಗಿಸಿ ಬಿಗಿ ಹಿಡಿದುಕೊಂಡು ಒಂದು ಕಿಲೋ ಸುತ್ತಿಗೆಯಲ್ಲಿ ನೆಟ್ಟಗೆ ಒಂದೇ ಗಟ್ಟಿ ಏಟು ಕೊಡು. ನಾಲ್ಕು ಮೆಲ್ಲನೆಯ ಏಟಿನಿಂದ ತಲೆ ಕೆಡುತ್ತದೆಯೇ ಹೊರತು ಸ್ಕ್ರೂ ಬಿಡುವುದಿಲ್ಲ.

ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತೆಂದು ಅಳೆಯುವ ಪಾನಾ) ವಿಷಯಕ್ಕೆ ಬಂದರೆ ‘ಕೈಯಳತೆ ಸಾಕು’ ಅನ್ನುವವರು ಸುತ್ತಮುತ್ತ ಸಿಗುತ್ತಾರೆ. ಲೆಕ್ಕ ಹಾಕಿ ನೋಡು. 6 ಎಂಎಂ ಬೋಲ್ಟಿಗೆ ಬೇಕಾದ್ದು ಸುಮಾರು 10 ನ್ಯೂಟನ್ ಮೀಟರ್ (ತಿರುಚುವ ಬಲದ ಅಳತೆ). 15 ಸೆಂಟಿಮೀಟರ್ ಪಾನಾದ ತುದಿಯಲ್ಲಿ ಅದು 7 ಕಿಲೋ ಎಳೆತಕ್ಕೂ ಸ್ವಲ್ಪ ಕಡಿಮೆ, 30 ಸೆಂಟಿಮೀಟರ್ ಹಿಡಿಯಲ್ಲಿ ಮೂರೂವರೆ ಕಿಲೋಗಿಂತ ಕಡಿಮೆ. ಬೆಳಿಗ್ಗೆಯಿಂದ ಟ್ರ್ಯಾಕ್ಟರ್ ಬಿಚ್ಚಿದ ಕೈಗೆ ಮೂರೂವರೆ ಕಿಲೋ ಅಂದರೆ ಏನೂ ಅಲ್ಲ, ಮಧ್ಯಾಹ್ನ ಅದೇ ಕೈ ಸ್ಪ್ಲೆಂಡರಿನ ಅಲ್ಯೂಮಿನಿಯಂ ಕವರಿನ ಥ್ರೆಡ್ ಕಿತ್ತುಬಿಡುತ್ತದೆ. ಬೈಕಿಗೆ 8 ಎಂಎಂ ಬೋಲ್ಟ್ ಸುಮಾರು 22, 10 ಎಂಎಂ ಸುಮಾರು 35. ಕೊನೆಯ ಮಾತು ಕಂಪನಿಯ ಪುಸ್ತಕದ್ದು. ಪುಸ್ತಕದಲ್ಲಿ ಕಿಲೋಗ್ರಾಂ-ಮೀಟರಿನಲ್ಲಿ (kgf-m) ಕೊಟ್ಟಿದ್ದರೆ 9.8ರಿಂದ ಗುಣಿಸು.

ಒಂದೇ ರೆಂಚ್ ಎರಡಕ್ಕೂ ಆಗದು. ರೆಂಚಿನ ಅಳತೆಯ ಕೆಳಗಿನ ಐದನೇ ಒಂದು ಭಾಗದಲ್ಲಿ ಅದರ ಮಾತು ನಂಬುವಂತಿಲ್ಲ, 200ರ ರೆಂಚಿನಲ್ಲಿ 10 ಇಡಲು ಹೋಗಬೇಡ. 10ರಿಂದ 50ರದ್ದು ಒಂದು, 40ರಿಂದ 200ರದ್ದು ಒಂದು. ಥ್ರೆಡ್ ಒರೆಸಿ ಒಣಗಿಸಿ ಹಾಕು, ಎಣ್ಣೆ ಹಚ್ಚಿದ ಬೋಲ್ಟ್ ಅದೇ ಅಳತೆಗೆ ಹೆಚ್ಚು ಎಳೆಯುತ್ತದೆ, ಮುರಿಯುವುದೂ ಹಾಗೆಯೇ. ಹಿಡಿಯ ನಡುವೆ ಹಿಡಿದು ನಿಧಾನಕ್ಕೆ ಎಳೆ, ‘ಟಕ್’ ಅಂದ ತಕ್ಷಣ ನಿಲ್ಲಿಸು. ‘ಇನ್ನೊಂದು ಸಲ ಇರಲಿ’ ಅಂತ ಎಳೆದರೆ ಅಳತೆ ಮೀರಿತು. ಅದರಿಂದ ಬೋಲ್ಟ್ ಬಿಚ್ಚಬೇಡ. ಸಂಜೆ ಇಡುವಾಗ ಕೆಳಗಿನ ಗೆರೆಗೆ ಇಳಿಸಿಡು, ಒಳಗಿನ ಸ್ಪ್ರಿಂಗ್ ಸಡಿಲವಿರಲಿ. ವರ್ಷಕ್ಕೊಮ್ಮೆ ಇಲ್ಲವೇ 5000 ಸಲ ಬಳಸಿದ ಮೇಲೆ, ಯಾವುದು ಮೊದಲೋ ಅದಕ್ಕೆ, ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯೋ ಎಂಬ ಪರೀಕ್ಷೆ) ಮಾಡಿಸಬೇಕು.

ಮ್ಯಾಗ್ನೆಟ್ ಪುಲ್ಲರ್ (ಕ್ರ್ಯಾಂಕಿನ ತುದಿಯ ಮ್ಯಾಗ್ನೆಟ್ ಚಕ್ರ ಎಳೆದು ತೆಗೆಯುವ ಸಾಧನ) ಬೇಕು, ಬೈಕಿನ ಮಾಡೆಲ್ಲಿಗೆ ತಕ್ಕಂತೆ ಅದರ ಥ್ರೆಡ್ ಬದಲಾಗುತ್ತದೆ, ಮಾಡೆಲ್ ಹೇಳಿಯೇ ತಗೋ. ಪುಲ್ಲರ್ ಇಲ್ಲವೆಂದು ಸುತ್ತಿಗೆ ಎತ್ತಿದರೆ ಕ್ರ್ಯಾಂಕಿನ ತುದಿ ಅಣಬೆಯಾಗುತ್ತದೆ, ಒಳಗಿನ ಮ್ಯಾಗ್ನೆಟ್ ಬಿರಿಯುತ್ತದೆ. ಸರ್ಕ್ಲಿಪ್ (ಸ್ಪ್ರಿಂಗ್ ಬಳೆ) ಪಕ್ಕಡ್ ಒಳಗಿನದ್ದಕ್ಕೊಂದು, ಹೊರಗಿನದ್ದಕ್ಕೊಂದು. ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತಗಡು), 150 ಎಂಎಂ ವರ್ನಿಯರ್, ಸಾದಾ ಮಲ್ಟಿಮೀಟರ್ ಇರಲಿ. ಇವುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಆಲನ್ ಕೀ ತುದಿ ಸವೆದರೆ ಬಿಸಾಡಬೇಡ, ಗ್ರೈಂಡರಿನಲ್ಲಿ 2 ಎಂಎಂ ಕತ್ತರಿಸು. ನಡುನಡುವೆ ನೀರಲ್ಲಿ ಅದ್ದುತ್ತಿರು, ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತು.

ವೈಸ್ ಮಾತ್ರ ದೊಡ್ಡದೇ ತಗೋ, 150 ಎಂಎಂ. ದವಡೆಗೆ ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ ಹಾಕಿದರೆ ಶಾಫ್ಟಿನ ಮೇಲೆ ಹಲ್ಲಿನ ಗುರುತು ಬೀಳುವುದಿಲ್ಲ. ಅರ್ಧ ಕಿಲೋ ಮತ್ತು ಒಂದು ಕಿಲೋ ಬಾಲ್ ಪೇನ್ (ಒಂದು ಬದಿ ಗುಂಡಗಿನ) ಸುತ್ತಿಗೆ, ಒಂದು ನೈಲಾನ್ ಸುತ್ತಿಗೆ. ಚಾಣದ ತಲೆ ಹೂವಿನಂತೆ ಅರಳಿದರೆ ಗ್ರೈಂಡ್ ಮಾಡಿಬಿಡು, ಆ ಎಸಳು ಹಾರಿದರೆ ಕೈಗೆ ನೆಡುತ್ತದೆ.

ಈಗ ನಿನ್ನ ಊರಿನ ನಿಜವಾದ ಕಾಟ. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದರೆ ಕೇಜ್ ವೀಲ್ (ಕೆಸರುಗದ್ದೆಯ ಕಬ್ಬಿಣದ ಚಕ್ರ) ಹಾಕಿದ ಟ್ರ್ಯಾಕ್ಟರುಗಳು ಗದ್ದೆಯಿಂದ ನೇರ ನಿನ್ನ ಬಾಗಿಲಿಗೆ ಬರುತ್ತವೆ. ನಟ್ ಕಾಣುವುದೇ ಇಲ್ಲ, ಎರೆ ಮಣ್ಣು ಒಣಗಿ ಸಿಮೆಂಟಿನಂತೆ ಕೂತಿರುತ್ತದೆ. ಮಣ್ಣಿರುವಾಗಲೇ ಸಾಕೆಟ್ ಹಾಕಿದರೆ ಅರ್ಧ ಮಾತ್ರ ಕೂರುತ್ತದೆ, ಜಾರುತ್ತದೆ. ಮೊದಲು ತೊಳೆ, ಹೊರಗೆ ಕಾಣುವ ಥ್ರೆಡ್ಡಿಗೆ ತಂತಿ ಬ್ರಷ್ ಉಜ್ಜು, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಅರ್ಧ ಗಂಟೆ ಸುಮ್ಮನಿರು. ನಟ್ಟಿನ ಪಟ್ಟಿಯ ಮೇಲೆ ಸುತ್ತಿಗೆಯಿಂದ ನಾಲ್ಕಾರು ಸಲ ತಟ್ಟು. ಆಮೇಲೆ ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡು, ತುಕ್ಕಿನ ಹಿಡಿತ ಅಲ್ಲಿ ಬಿಡುತ್ತದೆ, ನಂತರ ಬಿಚ್ಚು. ಪಾನಾವನ್ನು ನಿನ್ನ ಕಡೆಗೆ ಎಳೆ. ತಳ್ಳಲೇಬೇಕಾದರೆ ಬೆರಳು ಬಿಚ್ಚಿ ಅಂಗೈಯಿಂದ ತಳ್ಳು, ಜಾರಿದರೆ ಗೆಣ್ಣು ಉಳಿಯುತ್ತದೆ. ಸಾದಾ ಪಾನಾಕ್ಕೆ ಪೈಪ್ ಸಿಕ್ಕಿಸುವುದು ಬೇಡ, ಓಪನ್ ಬಾಯಿ ಅಗಲಿಸುತ್ತದೆ, ಮತ್ತೆ ಸರಿಹೋಗುವುದಿಲ್ಲ. ಸಡಿಲಿಸುವುದು ರಿಂಗಿನಿಂದ, ಸಡಿಲಾದ ಮೇಲೆ ಓಡಿಸುವುದು ಓಪನ್ನಿನಿಂದ. ಓಪನ್ ಬಾಯಿ 15 ಡಿಗ್ರಿ ವಾರೆ ಇರುತ್ತದೆ, ಜಾಗ ಸಾಲದಿದ್ದರೆ ಪ್ರತಿ ಸಲ ಮಗ್ಗುಲು ಬದಲಿಸಿ ಹಾಕು. ಚಕ್ರದ ನಟ್ ವಾಪಸ್ ಹಾಕುವಾಗ ಅದು ಕೂರುವ ಇಳಿಜಾರಿಗೆ ಗ್ರೀಸ್ ಮೆತ್ತಬೇಡ, ಎಷ್ಟೋ ಡ್ರೈವರುಗಳು ಹಾಗೆ ಮಾಡಿ ಅಂತ ಹಟ ಹಿಡಿಯುತ್ತಾರೆ.

ರಾತ್ರಿ ಅಂಗಡಿ ಮುಚ್ಚುವ ಮೊದಲು ಪಾನಾಗಳನ್ನು ಡೀಸೆಲ್ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸು. ರ್‍ಯಾಚೆಟ್ಟಿಗೆ ತಿಂಗಳಿಗೊಮ್ಮೆ ಹಿಂಬದಿ ಬಿಚ್ಚಿ ಹಳೆ ಜಿಡ್ಡು ತೊಳೆದು ತೆಳ್ಳಗೆ ಎಣ್ಣೆ ಹಾಕು, ದಪ್ಪ ಗ್ರೀಸ್ ತುಂಬಿದರೆ ಒಳಗಿನ ನಾಲಿಗೆ ಅಂಟಿಕೊಂಡು ಹಲ್ಲು ತಪ್ಪುತ್ತದೆ. ಗೋಡೆಗೆ ಹಲಗೆ ಹೊಡೆದು ಪ್ರತಿ ಪಾನಾದ ಆಕಾರವನ್ನು ಬಣ್ಣದಲ್ಲಿ ಬರೆದಿಡು, ಖಾಲಿ ಜಾಗ ಕಂಡರೆ ಆಗಲೇ ಗಾಡಿಯೊಳಗೆ ಹುಡುಕಬಹುದು.

ಸದ್ಯಕ್ಕೆ ನಿನ್ನ ಕಡೆ ಹೆಚ್ಚು ಬರುವ ಟ್ರ್ಯಾಕ್ಟರ್ ಮಾಡೆಲ್ಲುಗಳ ಹೆಸರು ಬರೆದು ಕಳಿಸು. ಇಂಚಿನವು ಎಷ್ಟು, 3/4 ಡ್ರೈವಿನಲ್ಲಿ ಯಾವ ಸಾಕೆಟ್ ಬೇಕು ಅಂತ ನೋಡಿ ಪಟ್ಟಿ ಮಾಡಿ ಕೊಡುತ್ತೇನೆ. ಅಲ್ಲಿಯವರೆಗೆ ಆ ಪೆಟ್ಟಿಗೆಗೆ ಅಡ್ವಾನ್ಸ್ ಕೊಡಬೇಡ.

ನಿನ್ನ ದೋಸ್ತ