ಅತ್ತೆಯ ಬಳಗಕ್ಕೆಲ್ಲ ಶರಣು

ಮೊನ್ನೆ, ತೀರಿಹೋದ ನಮ್ಮ ಅತ್ತೆಯ ಶಿವಗಣಾರಾಧನೆ ಮುಗಿಯಿತು. ಎಷ್ಟು ಜನ ಬಂದಿದ್ದರು ಅಂತ ಯಾರೂ ಲೆಕ್ಕ ಇಟ್ಟಿಲ್ಲ. ಮಾಡಿದ ಗೋಧಿ ಹುಗ್ಗಿ ಸಾಲದೆ ಮತ್ತೊಮ್ಮೆ ಒಲೆ ಹೊತ್ತಿಸಿದ್ದು ಮಾತ್ರ ಗೊತ್ತು. ಊಟಕ್ಕೆ ಕೂತವರಲ್ಲಿ ಎಷ್ಟೋ ಜನರ ಮುಖ ನಮಗೇ ಪರಿಚಯ ಇರಲಿಲ್ಲ. ‘ಯಾರ ಕಡೆಯವರ್ರಿ?’ ಅಂತ ಕೇಳಿದರೆ ಒಬ್ಬರು ‘ಅಮ್ಮಾರು ನಮ್ಮ ಆಕಳಿಗಿ ಔಷಧ ಹಾಕ್ಸಿದ್ರು’ ಅಂದರು. ಇನ್ನೊಬ್ಬರು ‘ದವಾಖಾನ್ಯಾಗ ನಮಗ ರೊಟ್ಟಿ ತಂದು ಕೊಟ್ಟಿದ್ರು’ ಅಂದರು. ಗಡಿಬಿಡಿಯಲ್ಲಿ ಎಲ್ಲರಿಗೂ ಕೈ ಮುಗಿದು ಕಳಿಸೋದಕ್ಕೂ ಆಗಲಿಲ್ಲ. ಅದಕ್ಕೇ ಮನೆಯವರೆಲ್ಲರ ಪರವಾಗಿ ನಾನು, ಸೊಸೆ, ಇದನ್ನು ಬರೆಯುತ್ತಿದ್ದೇನೆ.

ಅತ್ತೆಗೆ 74 ವರ್ಷ. ಓಣಿಯ ಮಕ್ಕಳಿಗೆ ಅವರು ‘ನಾಯಿ ಅಜ್ಜಿ’. ಬೆಳಿಗ್ಗೆ ಎದ್ದರೆ ಜಳಕ, ಇಷ್ಟಲಿಂಗ ಪೂಜೆ, ಹಣೆ ತುಂಬಾ ವಿಭೂತಿ. ಆಮೇಲೆ ಸೀದಾ ಒಲೆ ಮುಂದೆ. ಮೊದಲ ನಾಲ್ಕೈದು ರೊಟ್ಟಿ ದಪ್ಪ ಬಡಿಯುತ್ತಿದ್ದರು. ಅವು ಮನೆಯವರಿಗಲ್ಲ. ಆರಿದ ಮೇಲೆ ಮುರಿದು, ಮಜ್ಜಿಗೆಯಲ್ಲಿ ನೆನೆಸಿ, ಬಕೆಟ್ ಹಿಡಿದು ಹೊರಟರೆ ಹಿಂದೆ ಐದಾರು ಬಾಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ‘ಅತ್ತಿ, ಮೊದಲ ಮಾವಾರಿಗಿ ಕೊಡಬೇಕಲ್ರಿ?’ ಅಂತ ಕೇಳಿದ್ದೆ. ‘ನಿಮ್ಮ ಮಾವಾರಿಗಿ ಬಾಯಿ ಅದ, ಬೇಕಂದ್ರ ಕೇಳ್ತಾರ’ ಅಂದಿದ್ದರು.

ಉಳ್ಳಾಗಡ್ಡಿ ನಾಯಿಗಳ ರಕ್ತ ಕೆಡಿಸುತ್ತದೆ ಅಂತ ದನದ ಡಾಕ್ಟರ್ ಒಮ್ಮೆ ಹೇಳಿದ್ದರು. ಅವತ್ತಿನಿಂದ ಉಳ್ಳಾಗಡ್ಡಿ ಬಿದ್ದ ಪಲ್ಯ ಬಕೆಟ್‌ಗೆ ಸೋಕಿಸಲಿಲ್ಲ. ಅಷ್ಟೇ ಅಲ್ಲ, ಉಳಿದ ಸಾರು ಬೀದಿಗೆ ಚೆಲ್ಲುವ ಮನೆಗಳಿಗೆಲ್ಲ ಹೋಗಿ ಹೇಳಿ ಬಂದರು. ಕೆಲವರು ನಕ್ಕರು. ಅತ್ತೆಗೆ ಅದೇನೂ ತಾಗುತ್ತಿರಲಿಲ್ಲ ಬಿಡಿ.

ಅವರ ದೇವರು ಶರಣಬಸಪ್ಪ. ಸೋಮವಾರ ಗುಡಿ ತಪ್ಪಿಸುತ್ತಿರಲಿಲ್ಲ. ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ ಶರಣರು ಹೊಲ ಕಾಯುವಾಗ ಜೋಳಕ್ಕೆ ಬಂದ ಹಕ್ಕಿಗಳನ್ನು ಹೊಡೆಯದೆ, ಮೇಲಿಂದ ನೀರನ್ನೂ ಇಟ್ಟರು ಅನ್ನುವ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ. ನಾವೆಲ್ಲ ಕೇಳಿ ಕೈ ಮುಗಿದು ಬಿಡುತ್ತೇವೆ. ಅತ್ತೆ ಅದನ್ನು ಮಾಡಬೇಕಾದ ಕೆಲಸ ಅಂತ ತಿಳಿದಿದ್ದರು. ಶಿವರಾತ್ರಿ ಮುಗಿಯಿತೆಂದರೆ ಮಣ್ಣಿನ ಬೋಗುಣಿಗಳು ಅಟ್ಟದಿಂದ ಇಳಿಯುತ್ತಿದ್ದವು. ಗೋಡೆ ಮೇಲೆ ಹಕ್ಕಿಗೆ ಸಣ್ಣವು, ಬೇವಿನ ಗಿಡದ ಕೆಳಗೆ ನಾಯಿಗೆ ಅಗಲದ್ದು, ಬೀದಿ ದನಕ್ಕೆ ಒಂದು ಸಿಮೆಂಟಿನ ತೊಟ್ಟಿ. ಮೇ ತಿಂಗಳಲ್ಲಿ ಕಲಬುರಗಿ ಬಿಸಿಲು 42 ಡಿಗ್ರಿ ದಾಟಿದಾಗ ದಿನಕ್ಕೆ ಎರಡು ಸಲ ತುಂಬಬೇಕು. ಸುಮ್ನೆ ತುಂಬಿದರೆ ಸಾಲದು. ಹಳೇ ನೀರು ಚೆಲ್ಲಿ, ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಬೇಕು. ವಾರಗಟ್ಟಲೆ ನಿಂತ ನೀರಿನಲ್ಲಿ ಸೊಳ್ಳೆ ಮರಿ ಆಗುತ್ತವೆ, ‘ಹಕ್ಕಿಗಿ ನೀರಿಟ್ಟು ಮಕ್ಕಳಿಗಿ ಡೆಂಗಿ ತರಬ್ಯಾಡ್ರಿ’ ಅನ್ನೋರು.

ಮಟನ್ ಅಂಗಡಿಯ ಕಾಕಾ ಆರಾಧನೆಯ ದಿನ ಬಾಗಿಲ ಹತ್ತಿರವೇ ನಿಂತಿದ್ದರು, ಒಳಗೆ ಬರಲು ಸಂಕೋಚ. ಕೈ ಹಿಡಿದು ಕರೆದುಕೊಂಡು ಬಂದು ಪಂಕ್ತಿಯಲ್ಲಿ ಕೂರಿಸಿದೆವು. ಕಾಕಾ ಮತ್ತು ಅತ್ತೆಯದು ಹಳೇ ವ್ಯವಹಾರ. ಹೆತ್ತ ನಾಯಿಗೆ ಬರೀ ರೊಟ್ಟಿ ಸಾಲುವುದಿಲ್ಲ ಅಂತ ಅತ್ತೆ ಅವರ ಹತ್ತಿರ ಚೂರುಪಾರು ಹಾಕಿಸುತ್ತಿದ್ದರು. ತಾವು ಮಾತ್ರ ಮುಟ್ಟುವುದಿಲ್ಲ. ಸೆರಗು ಮೂಗಿಗೆ ಹಿಡಿದು ನಾಲ್ಕು ಮಾರು ದೂರ ನಿಂತು ‘ಎಲುಬು ಬ್ಯಾಡ್ರಿ, ಗಂಟಲಿಗಿ ಸಿಗ್ತದ. ಅಕಿಗಿ ಜಾಸ್ತಿ ಹಾಕ್ರಿ, ಬಾಣಂತಿ ಇದ್ದಾಳ’ ಅಂತ ಹುಕುಂ ಬೇರೆ. ನಮ್ಮ ಬಳಗದ ಹಿರಿಯರೊಬ್ಬರು ಇದನ್ನು ನೋಡಿ ಗದರಿಸಿದ್ದರು, ಲಿಂಗವಂತರ ಮನೆಯವಳು ಇದೇನು ಅಂತ. ‘ಲಿಂಗ ನಾ ಕಟ್ಟೀನ್ರಿ, ನಾಯಿ ಕಟ್ಟಿಲ್ಲಲ್ಲ’ ಅಂತ ಅತ್ತೆ ಉತ್ತರ. ಆ ಹಿರಿಯರೇ ಮೊನ್ನೆ ಇದನ್ನು ಎಲ್ಲರಿಗೂ ಹೇಳಿ ಹೇಳಿ ನಗಿಸುತ್ತಿದ್ದರು.

ಅತ್ತೆಯ ಮೇಲೆ ಸಿಟ್ಟಿದ್ದವರೂ ಇದ್ದರು. ಇವರು ಅನ್ನ ಹಾಕುತ್ತಾರೆ ಅಂತಲೇ ಓಣಿಯಲ್ಲಿ ನಾಯಿ ಜಾಸ್ತಿಯಾಗಿವೆ ಅನ್ನುವ ಮಾತು. ಮಕ್ಕಳಿರುವ ಮನೆಯವರ ಭಯ ಸುಳ್ಳಲ್ಲ ಅಂತ ಅತ್ತೆಗೂ ಗೊತ್ತಿತ್ತು. ಶಾಲೆಯ ದಾರಿ ಬಿಟ್ಟು, ಖಾಲಿ ಸೈಟಿನ ಮೂಲೆಯಲ್ಲಿ ಮಾತ್ರ ಹಾಕುತ್ತಿದ್ದರು. ಆಮೇಲೆ ಬೀದಿ ನಾಯಿಗಳ ಬಗ್ಗೆ ಸರ್ಕಾರದ 2023ರ ನಿಯಮ ಬಂತು. ಅದರಲ್ಲೂ ಹೀಗೇ ಇದೆ, ಮಕ್ಕಳು ಆಡುವ ಜಾಗ, ಮನೆ ಬಾಗಿಲು ಬಿಟ್ಟು ದೂರ ಹಾಕಬೇಕು ಅಂತ. ಒಮ್ಮೆ ಒಬ್ಬ ಹುಡುಗನಿಗೆ ನಾಯಿ ಕಚ್ಚಿತು. ಮನೆಯವರು ಗಾಯಕ್ಕೆ ಖಾರದ ಪುಡಿ ಹಚ್ಚಲು ಹೊರಟಿದ್ದರು. ಅತ್ತೆ ಡಬ್ಬಿ ಕಸಿದುಕೊಂಡು ಹುಡುಗನ ಕಾಲನ್ನು ನಲ್ಲಿ ಕೆಳಗೆ ಹಿಡಿದರು. ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದರು. ಹುಡುಗ ಚೀರುತ್ತಿದ್ದ, ಬಿಡಲಿಲ್ಲ. ಅಲ್ಲಿಂದ ದವಾಖಾನೆ. ಮುಂದಿನ ಇಂಜೆಕ್ಷನ್‌ಗಳ ತಾರೀಖು ನಮ್ಮ ಮನೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟು, ಒಂದೂ ತಪ್ಪದಂತೆ ತಾವೇ ಕರೆದುಕೊಂಡು ಹೋದರು. ಆ ಹುಡುಗ ಈಗ ಡಿಪ್ಲೊಮಾ ಓದುತ್ತಿದ್ದಾನೆ. ಆರಾಧನೆಯ ದಿನ ಬಡಿಸಿದವರಲ್ಲಿ ಅವನೂ ಒಬ್ಬ. ತಮ್ಮಾ, ಸಂಜೆಯವರೆಗೂ ನೀನು ಊಟ ಮಾಡಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಮನೆಗೆ ಬಾ.

ಪ್ರತಿ ವರ್ಷ ಸೆಪ್ಟೆಂಬರ್ 28ರಂದು, ರೇಬೀಸ್ ದಿನ, ನಾಯಿಗಳಿಗೆ ಇಂಜೆಕ್ಷನ್ ಹಾಕುವಾಗ ಅತ್ತೆಯ ತೊಡೆಯೇ ಟೇಬಲ್. ಮೂರು ತಿಂಗಳು ತುಂಬಿದ ಮರಿಗಳನ್ನು ಹಿಡಿದು ತರುವುದು ಓಣಿಯ ಹುಡುಗರ ಕೆಲಸ. ಆ ಹುಡುಗರಿಗೂ, ರಜೆ ದಿನವೂ ಫೋನ್ ಎತ್ತಿದ ದನದ ಡಾಕ್ಟರರಿಗೂ, ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿದಾಗ ಗಾಡಿ ತಂದ ಸಿಬ್ಬಂದಿಗೂ ನಮಸ್ಕಾರ.

ಕಳೆದ ದೀಪಾವಳಿ ಆದ ಮೇಲೆ ಅತ್ತೆಗೆ ಲಕ್ವಾ ಹೊಡೆಯಿತು. ಒಲೆ ಮುಂದೆ ಕೂತವರು ಹಾಗೇ ವಾಲಿದರು. ಮೂಲೆ ಸ್ಟ್ಯಾಂಡಿನ ಆಟೋ ಅಣ್ಣ ಹಾರ್ನ್ ಒತ್ತುತ್ತಲೇ ಗಾಡಿ ಓಡಿಸಿ ಬೇಗ ಮುಟ್ಟಿಸಿದರು, ದುಡ್ಡು ಕೊಡಹೋದರೆ ಬೈದರು. ತಲೆಯೊಳಗೆ ರಕ್ತ ಸೋರಿತ್ತು, ಹಾಗಾಗಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡುವಂತಿರಲಿಲ್ಲ. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಮಗನ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಆದರೆ ಕಿಟಕಿಯ ಹೊರಗೆ ನಾಯಿ ಕುಂಯ್‌ಗುಟ್ಟಿದರೆ ‘ಚ್ಚು ಚ್ಚು’ ಅನ್ನುತ್ತಿದ್ದರು. ಅದೊಂದು ಉಳಿದಿತ್ತು. ನಮ್ಮೆಜಮಾನರು ಅದನ್ನು ಕೇಳಿದಾಗಲೆಲ್ಲ ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

ದವಾಖಾನೆಯಲ್ಲಿದ್ದಾಗ ಊಟದ ಚಿಂತೆ ನಮಗೆ ಬರಲೇ ಇಲ್ಲ. ಗುರುವಾರಕ್ಕೊಮ್ಮೆ ಅತ್ತೆ ಮತ್ತು ಅವರ ಭಜನೆಯ ಗೆಳತಿಯರು ರೋಗಿಗಳ ಜೊತೆ ಬಂದವರಿಗೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಕಟ್ಟಿಕೊಂಡು ಹೋಗುತ್ತಿದ್ದರಲ್ವಾ, ಅದೇ ಡಬ್ಬಿಗಳು ಈಗ ನಮ್ಮ ಕೈಗೆ ಬಂದವು. ಭಜನೆಯ ಅಕ್ಕಂದಿರೇ, ನಿಮಗೆ ಏನು ಹೇಳಲಿ. ಎದುರು ಮನೆಯ ಭಾಭಿ ಮೂರು ತಿಂಗಳು ನಮ್ಮ ಮನೆಯ ಹಾಲು, ಮಕ್ಕಳ ಶಾಲೆ, ಬೀಗದ ಕೈ ಎಲ್ಲ ನೋಡಿಕೊಂಡರು. ಬೆಳಿಗ್ಗೆಯ ಬಕೆಟನ್ನೂ ಅವರೇ ಎತ್ತಿದರು. ಅದಕ್ಕೆ ಮುಂಚೆ ಅವರಿಗೆ ನಾಯಿ ಅಂದರೆ ಮಾರು ದೂರ.

ಕಣ್ಣಿನ ವಿಷಯ ಹೇಳಬೇಕು. ಕಣ್ಣು ಕೊಡಬೇಕು ಅಂತ ಅತ್ತೆ ಮೊದಲೇ ಹೇಳಿದ್ದರು. ಅವರು ಲಿಂಗೈಕ್ಯರಾದದ್ದು ಮನೆಯಲ್ಲಿ, ರಾತ್ರಿ. ಆರು ತಾಸಿನೊಳಗೆ ಆಗಬೇಕಾದ ಕೆಲಸ. ನೇತ್ರ ಬ್ಯಾಂಕಿನವರು ಫೋನಿನಲ್ಲಿ ಹೇಳಿಕೊಟ್ಟ ಹಾಗೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಗೆ ದಿಂಬು ಕೊಟ್ಟೆವು. ಅಷ್ಟರಲ್ಲಿ ಬಂಧುಗಳಲ್ಲಿ ಮಾತು ಶುರುವಾಯಿತು. ಕಣ್ಣಿಲ್ಲದೆ ಸಮಾಧಿಯಲ್ಲಿ ಹ್ಯಾಂಗ ಕೂಡಿಸೋದು, ಪೊರೆ ಆಪರೇಷನ್ ಆದ ಕಣ್ಣು ಯಾರಿಗೆ ಬೇಕು ಅಂತೆಲ್ಲ. ಪೊರೆ ತೆಗೆಸಿದವರದ್ದೂ ನಡೆಯುತ್ತದೆ, ತಮಗೆ ಬೇಕಾದದ್ದು ಕಣ್ಣಿನ ಮುಂದಿನ ಪಾರದರ್ಶಕ ಪರದೆ ಅಂತ ಬಂದ ತಂಡದವರು ತಾಳ್ಮೆಯಿಂದ ತಿಳಿಸಿದರು. ನಮ್ಮ ಮನೆಯ ಗುರುಗಳಾದ ಅಯ್ನೋರು ‘ಇದೂ ದಾಸೋಹನೇ ಅದ, ಮಾಡ್ರಿ’ ಅಂದ ಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ಅರ್ಧ ತಾಸೂ ಹಿಡಿಯಲಿಲ್ಲ. ಜಳಕ ಮಾಡಿಸಿ, ವಿಭೂತಿ ಹಚ್ಚಿ ಕೂಡಿಸಿದಾಗ ಮುಖ ಯಾವಾಗಿನ ಹಾಗೇ ಇತ್ತು. ಅಯ್ನೋರಿಗೆ, ನಡುರಾತ್ರಿ ಬಂದ ಆ ಇಬ್ಬರು ಹುಡುಗರಿಗೆ ನಾವು ಋಣಿ.

ಓಣಿ ಗುಡಿಸಲು ಬರುವ ಪೌರಕಾರ್ಮಿಕ ಅಕ್ಕಂದಿರು ಅವತ್ತು ಯಾರೂ ಹೇಳದೆ ಮನೆ ಮುಂದೆ ಗುಡಿಸಿ ನೀರು ಹೊಡೆದು ಹೋಗಿದ್ದರು. ಅವರ ಬೆಳಗಿನ ಚಹಾ ನಿಲ್ಲುವುದಿಲ್ಲ, ಮುಂಚಿನ ಹಾಗೇ ಬರ್ರಿ.

ಹೋಳಿ ಆಗಿ ಐದನೇ ದಿನಕ್ಕೆ ಶರಣಬಸವೇಶ್ವರ ತೇರು. ಜಾತ್ರೆಗೆ ನಮ್ಮ ಓಣಿಯಿಂದ ಹೋಗುವ ಕಡಕ್ ರೊಟ್ಟಿ ಈ ಸಲವೂ ನಮ್ಮ ಪಡಸಾಲೆಯಲ್ಲೇ ಬಡಿಯೋಣ. ಹಿಟ್ಟು ಬೀಸಿಸಿ ಇಡುತ್ತೇನೆ, ತವೆ ನೀವು ತನ್ನಿ. ನೀರಿನ ಬೋಗುಣಿಗಳನ್ನು ಅಟ್ಟದಿಂದ ಇಳಿಸಿದ್ದೇನೆ, ಎರಡು ಸೀಳು ಬಿಟ್ಟಿವೆ. ಬೇವಿನ ಗಿಡದ ಕಡೆಯದು ನಾನು ನೋಡಿಕೊಳ್ಳುತ್ತೇನೆ. ದನದ ತೊಟ್ಟಿ ತುಂಬುವವರು ಒಬ್ಬರು ಬೇಕು.

ಇನ್ನೊಂದು. ಅತ್ತೆ ಯಾರ ಯಾರ ಮನೆಯಿಂದಲೋ ಪಾತ್ರೆ ತಂದಿಟ್ಟುಕೊಂಡಿದ್ದಾರೆ. ಹೆಸರು ಕೆತ್ತಿಸಿದವನ್ನೆಲ್ಲ ಮುಟ್ಟಿಸಿದೆವು. ಒಂದು ದೊಡ್ಡ ಹಿತ್ತಾಳೆ ಕೊಳಗ, ಎರಡು ಸ್ಟೀಲ್ ಬುಟ್ಟಿ, ಹಿಡಿಕೆ ಸಡಿಲಾದ ಒಂದು ಸೌಟು ಉಳಿದಿವೆ. ಯಾರವು ಅಂತ ಗೊತ್ತಾಗಿಲ್ಲ. ನಿಮ್ಮವಾಗಿದ್ದರೆ ದಯವಿಟ್ಟು ಬಂದು ಒಯ್ಯಿರಿ, ಸಂಜೆ ಐದರ ಮೇಲೆ ಮನೆಯಲ್ಲೇ ಇರುತ್ತೇನೆ.